ಬೆಳೆಯೋ ಬೇಳೆಯೋ: ಓದು ಕಲಿಸುವವರನ್ನು ತಯಾರು ಮಾಡುವ ಮಾತು

(ಸಾವಿತ್ರಿಬಾಯಿ ಫುಲೆ ಜಯಂತಿಯಂದು ಮನ್ಮಾಡಿನಲ್ಲಿ ನಮ್ಮ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ಜನವರಿ 3, ಸಾವಿತ್ರಿಬಾಯಿ ಹುಟ್ಟಿದ ದಿನ. "ನಾಳಿನ ಶಿಕ್ಷಕಿಯರನ್ನು ತಯಾರು ಮಾಡುವುದು ಹೇಗೆ ಅನ್ನುವುದರ ಬಗ್ಗೆ ಮಾತಾಡಿ" ಎಂದು ಕಾರ್ಯದರ್ಶಿಗಳು ಹೇಳಿದರು. ವಿಷಯ ದೊಡ್ಡದು. ನಾನು ಅದನ್ನು ಒಂದು ಸಣ್ಣ ಪದದಿಂದ ಶುರು ಮಾಡುತ್ತೇನೆ. ಆ ಪದ 'ಬೇಳೆ'.

ನಮ್ಮ ಭಾನುವಾರದ ಕನ್ನಡ ತರಗತಿ ನಿಮಗೆಲ್ಲ ಗೊತ್ತು. ನಿಮ್ಮ ಮಕ್ಕಳು, ಮೊಮ್ಮಕ್ಕಳು ಅಲ್ಲಿಗೆ ಬರುತ್ತಾರೆ. ವಾರವಿಡೀ ಮರಾಠಿ ಅಥವಾ ಇಂಗ್ಲಿಷ್ ಶಾಲೆ, ಭಾನುವಾರ ಒಂದೂವರೆ ಗಂಟೆ ಕನ್ನಡ. ನಾನು ನನ್ನ ಮೇಷ್ಟ್ರು ಕಲಿಸಿದ ಹಾಗೆಯೇ ಕಲಿಸುತ್ತಿದ್ದೆ. ಮೊದಲು ಅ ಆ ಇ ಈ, ಆಮೇಲೆ ಕ ಖ ಗ ಘ, ಆಮೇಲೆ ಕಾಗುಣಿತ, ಒತ್ತಕ್ಷರ. ಬರೆಯುವುದೆಂದರೆ ಬೋರ್ಡಿನ ಮೇಲಿದ್ದದ್ದನ್ನು ನೋಟ್‌ಬುಕ್ಕಿಗೆ ಇಳಿಸುವುದು.

ನಾಲ್ಕನೇ ಇಯತ್ತೆಯ ಒಬ್ಬ ಹುಡುಗಿ ಒಂದು ವರ್ಷದಲ್ಲಿ ಎಲ್ಲ ಅಕ್ಷರ ಕಲಿತಳು. ತಾಯಂದಿರ ಮುಂದೆ ಒಂದು ಪುಟ ಗಟ್ಟಿಯಾಗಿ ಓದಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೆಮ್ಮೆಯಿಂದ ಕೇಳಿದೆ: "ಈಗ ಹೇಳು ಪುಟ್ಟಿ, ಕಥೆಯಲ್ಲಿ ಅಜ್ಜ ಏನು ಮಾಡಿದ?" ಅವಳು ನನ್ನ ಮುಖ ನೋಡಿದಳು. ಆಮೇಲೆ ಮರಾಠಿಯಲ್ಲಿ ಹೇಳಿದಳು: "ಮಲಾ ತೇ ಮಾಹೀತ್ ನಾಹೀ, ಪಣ್ ವಾಚ್ಲಂ ನಾ!" ಅದು ನನಗೆ ಗೊತ್ತಿಲ್ಲ, ಆದರೆ ಓದಿದೆನಲ್ಲ!

ಎಲ್ಲರೂ ನಕ್ಕರು, ನಾನೂ ನಕ್ಕೆ. ದೀಪಾವಳಿ ರಜೆ ಮುಗಿದ ಮೇಲೆ ಆ ಹುಡುಗಿ ಬರಲಿಲ್ಲ. ಅವಳ ಹಿಂದೆ ಇನ್ನಿಬ್ಬರು ಬಿಟ್ಟರು. "ಈಗಿನ ಮಕ್ಕಳಿಗೆ ಕನ್ನಡದಲ್ಲಿ ಆಸಕ್ತಿ ಇಲ್ಲ" ಎಂದು ಇದೇ ಸಭಾಂಗಣದಲ್ಲಿ ನಾನು ದೂರಿದ್ದು ನಿಮಗೆ ನೆನಪಿರಬಹುದು. ಆ ಮಾತನ್ನು ಇವತ್ತು ಇಲ್ಲಿಯೇ ವಾಪಸು ತೆಗೆದುಕೊಳ್ಳುತ್ತೇನೆ. ಅರ್ಥವಿಲ್ಲದ್ದನ್ನು ಒಂದು ವರ್ಷ ಓದಿಸಿದರೆ ಯಾವ ಮಗು ತಾನೇ ಬರುತ್ತದೆ? ತಪ್ಪು ಮಗುವಿನದಲ್ಲ, ನನ್ನದು.

ಇದನ್ನು ನನಗೆ ತೋರಿಸಿಕೊಟ್ಟವಳು ಡಿ.ಎಡ್. ಎರಡನೇ ವರ್ಷದಲ್ಲಿರುವ ನಮ್ಮದೇ ಹುಡುಗಿ. ಹೆಸರು ಹೇಳಿದರೆ ನಾಚಿಕೊಂಡು ಎದ್ದು ಹೋದಾಳು, ಅದಕ್ಕೇ ಹೇಳುವುದಿಲ್ಲ. ತರಗತಿಗೆ ಸಹಾಯಕ್ಕೆ ಬಾ ಎಂದು ಕರೆದಾಗ ಅವಳು ಕೇಳಿದಳು: "ಕಾಕು, ಒಂದು ತಿಂಗಳು ನಾ ಏನೂ ಕಲಸಂಗಿಲ್ಲ. ಸುಮ್ಮ ಕೂತು ಬರಕೋತೀನಿ. ನಡೀತದೇನ್ರಿ?" ನನಗೆ ಒಳಗೊಳಗೇ ಸಿಟ್ಟು ಬಂತು. ಕಲಿಸಲು ಕರೆದರೆ ಇವಳು ಕೂತು ಬರೆಯುತ್ತಾಳಂತೆ! ಆದರೂ "ಆಗಲಿ" ಎಂದೆ.

ಅವಳ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ. ಪುಸ್ತಕದಲ್ಲಿ ಏನಿತ್ತು, ಮಗು ಏನೆಂದು ಓದಿತು, ಯಾಕೆ ಹಾಗೆ ಓದಿರಬಹುದು. ನಾಲ್ಕು ಭಾನುವಾರ ಆದ ಮೇಲೆ ಅದನ್ನು ತಂದು ನನ್ನ ಮುಂದಿಟ್ಟಳು. "ಮಳೆ ಬಂತು, ಬೆಳೆ ಚೆನ್ನಾಗಿ ಬಂತು" ಎಂದಿದ್ದ ಕಡೆ ಮಕ್ಕಳು "ಬೇಳೆ ಚೆನ್ನಾಗಿ ಬಂತು" ಎಂದು ಓದಿದ್ದರು. ಕೊಡು ಎಂಬುದು ಕೋಡು ಆಗಿತ್ತು. ನಾನು ಇದನ್ನು ಅಜಾಗರೂಕತೆ ಎಂದುಕೊಂಡು ಹತ್ತು ಸಲ ಬರೆಸುತ್ತಿದ್ದೆ. ಅವಳು ಮೂರನೇ ಕಾಲಂನಲ್ಲಿ ಬರೆದಿದ್ದಳು: "ಮರಾಠಿಯಲ್ಲಿ ಎ, ಏ ಎರಡಕ್ಕೂ ಒಂದೇ ಅಕ್ಷರ. ಒ, ಓ ಎರಡಕ್ಕೂ ಒಂದೇ. ನಾನೂ ಚಿಕ್ಕವಳಿದ್ದಾಗ ಹೀಗೇ ಓದುತ್ತಿದ್ದೆ."

ಇಷ್ಟು ವರ್ಷ ಮನ್ಮಾಡಿನಲ್ಲಿದ್ದು, ಎರಡೂ ಭಾಷೆ ಓದುವ ನನಗೆ ಇದು ಹೊಳೆದಿರಲಿಲ್ಲ. 

ಇನ್ನೂ ಇತ್ತು. 'ಸೂರ್ಯ' ಪದವನ್ನು ಹಲವರು 'ಸೂಯರ್' ಎಂದು ಓದಿದ್ದರು. ಮರಾಠಿಯಲ್ಲಿ ಆ ರಕಾರ ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ, ನಮ್ಮ ಅರ್ಕಾವತ್ತು ಅದರ ಬಲಕ್ಕೆ ಬರುತ್ತದೆ. ಕಣ್ಣಿಗೆ ಕೊನೆಯಲ್ಲಿ ಕಂಡದ್ದನ್ನು ಮಗು ಕೊನೆಯಲ್ಲೇ ಓದಿತು. ಆದರೆ 'ಳ' ಓದಲು ಯಾರೂ ತಡವರಿಸಲಿಲ್ಲ, ಯಾಕೆಂದರೆ ಮರಾಠಿಗೂ ಅದು ಸ್ವಂತದ ಅಕ್ಷರ. ಅಂದರೆ ನಮ್ಮ ಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ. ಒಂದು ಲಿಪಿಯನ್ನು ಆಗಲೇ ಗೆದ್ದು ಬರುತ್ತಾರೆ. ಏನು ತಂದಿದ್ದಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ನೋಡುವ ಕಣ್ಣು ಕಲಿಸುವವಳಿಗೆ ಬೇಕು.

ನೋಟ್‌ಬುಕ್ಕಿನ ಮತ್ತೊಂದು ಟಿಪ್ಪಣಿ ನನ್ನ ಕಣ್ಣು ತೆರೆಸಿತು. ಮನೆಯಲ್ಲಿ ಕನ್ನಡ ಆಡುವ ಮಕ್ಕಳು 'ಬೇಳೆ' ಎಂದು ತಪ್ಪಿ ಓದಿದರೂ, ಮಳೆಗೂ ಬೇಳೆಗೂ ಹೊಂದುವುದಿಲ್ಲ ಎಂದು ತಾವೇ ತಿದ್ದಿಕೊಳ್ಳುತ್ತಿದ್ದರು. ಮಾತು ಇಲ್ಲದ ಮಕ್ಕಳಿಗೆ ತಿದ್ದಿಕೊಳ್ಳಲು ಆಧಾರವೇ ಇರಲಿಲ್ಲ. ಹಾಗಾದರೆ ಔಷಧ ಹತ್ತು ಸಲ ಬರೆಸುವುದಲ್ಲ, ಮಾತಾಡಿಸುವುದು. ಮುಂದಿನ ಭಾನುವಾರ ಒಬ್ಬ ತಾಯಿ ಬಟ್ಟಲಲ್ಲಿ ತೊಗರಿ ಬೇಳೆ ತಂದರು, ಊರಿನ ಹೊಲದ ಫೋಟೋ ತೋರಿಸಿದರು. ಬೇಳೆ ಬೇಯುವುದು, ಬೆಳೆ ಬೆಳೆಯುವುದು ಎಂದು ಮಕ್ಕಳು ಹೇಳಿ ಹೇಳಿ ನಕ್ಕರು. ಆಮೇಲೆ ಓದಿದರು.

ಹುಡುಗಿ ಮಾಡಿದ್ದು ಸಂಶೋಧನೆಯೇ. ಸಂಶೋಧನೆ ಎಂದರೆ ವಿಶ್ವವಿದ್ಯಾಲಯದವರ ಕೆಲಸ ಎಂದು ನಾವು ದೂರ ಇಟ್ಟಿದ್ದೇವೆ. ದೊಡ್ಡವರು ಮಾಡಿದ ಸಂಶೋಧನೆಯೂ ನಮ್ಮ ಅನುಭವಕ್ಕೆ ಎಷ್ಟು ಹತ್ತಿರ ಇದೆ ನೋಡಿ. ನಮ್ಮ ವರ್ಣಮಾಲೆಯಲ್ಲಿ ಸುಮಾರು ಐವತ್ತು ಅಕ್ಷರ, ಆದರೆ ಗುಣಿತ, ಒತ್ತು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು 400 ದಾಟುತ್ತವೆ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಅಕ್ಷರ ಕಲಿಕೆ ಒಂದನೇ ತರಗತಿಯಲ್ಲಿ ಮುಗಿಯುವಂಥದ್ದಲ್ಲ, ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ಅಷ್ಟು ವರ್ಷ "ಮೊದಲು ಅಕ್ಷರ ಮುಗಿಯಲಿ, ಆಮೇಲೆ ಅರ್ಥ" ಎಂದು ಕಾಯುತ್ತ ಕೂತರೆ ಮಗುವಿನ ಬಾಲ್ಯವೇ ಮುಗಿದಿರುತ್ತದೆ.

ಇನ್ನೊಂದು ಅಧ್ಯಯನ ನಮಗಾಗಿಯೇ ಮಾಡಿದಂತಿದೆ. ನಮ್ಮ ಸ್ಟೇಷನ್ನಿಗೆ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರು, ಯಾದಗಿರಿ, ಕಲಬುರಗಿ, ಸೊಲ್ಲಾಪುರ ಹಾದು ಬರುತ್ತದಲ್ಲ, ಆ ಯಾದಗಿರಿಯ ಕನ್ನಡ ಶಾಲೆಗಳನ್ನೂ, ನಮ್ಮ ನಾಸಿಕ್ ಜಿಲ್ಲೆಯ ನೆರೆಯ ಪಾಲ್ಘರ್ ಜಿಲ್ಲೆಯ ವಾಡಾ ತಾಲೂಕಿನ ಮರಾಠಿ ಶಾಲೆಗಳನ್ನೂ ಜೊತೆಗಿಟ್ಟು ನೋಡಿದ ಅಧ್ಯಯನ ಅದು. ಶೈಲಜಾ ಮೆನನ್ ಮತ್ತು ಸಂಗಡಿಗರು 2011ರಿಂದ 2016ರವರೆಗೆ ಮಾಡಿದ್ದು. ಹೆಸರು 'ಲಿರಿಲ್'. ನಗಬೇಡಿ, ಸಾಬೂನಲ್ಲ! ಭಾರತೀಯ ಭಾಷೆಗಳಲ್ಲಿ ಸಾಕ್ಷರತೆಯ ಸಂಶೋಧನೆ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಅವರು ಮಕ್ಕಳನ್ನು ಒಂದನೇ ತರಗತಿಯಿಂದ ಮೂರನೇ ತರಗತಿಯವರೆಗೆ ಹಿಂಬಾಲಿಸಿದರು. ಮೂರನೆಯದು ಮುಗಿದರೂ ಬಹಳ ಮಕ್ಕಳಿಗೆ ತಮ್ಮ ತರಗತಿಯ ಪಾಠ ಓದಿ ಅರ್ಥ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಹೆಚ್ಚಿನ ಸಮಯ ಅಕ್ಷರಕ್ಕೆ ಹೋಗುತ್ತಿತ್ತು, ಕಥೆ ಕೇಳುವುದಕ್ಕೆ, ಮಾತಿಗೆ, ಸ್ವಂತವಾಗಿ ಬರೆಯುವುದಕ್ಕೆ ಉಳಿಯುತ್ತಿದ್ದದ್ದು ಕಡಿಮೆ. ಎರಡು ರಾಜ್ಯ, ಎರಡು ಭಾಷೆ, ಕಥೆ ಒಂದೇ. ಓದಿದಾಗ ನಮ್ಮ ಭಾನುವಾರದ ತರಗತಿಯ ವರದಿಯನ್ನೇ ಯಾರೋ ಬರೆದಂತೆ ಅನ್ನಿಸಿತು.

ಹಾಗಾದರೆ ಶಿಕ್ಷಕಿ ತಯಾರಾಗುವುದು ಹೇಗೆ? ನಾನು ಬಿ.ಎಡ್. ಮಾಡಿದಾಗ ಅದು ಒಂದೇ ವರ್ಷದ್ದು. ಅಭ್ಯಾಸ ಪಾಠದ ದಿನ ಚಾರ್ಟು, ಮಾದರಿ ಎಲ್ಲ ಹೊತ್ತು ಹೋಗುತ್ತಿದ್ದೆವು. ಯಾವ ಪ್ರಶ್ನೆಗೆ ಯಾರು ಕೈ ಎತ್ತಬೇಕು ಎಂದು ಮಕ್ಕಳಿಗೆ ಮೊದಲೇ ಹೇಳಿಟ್ಟಿರುತ್ತಿದ್ದೆವು. ಪರೀಕ್ಷಕರು ನಮ್ಮನ್ನು ನೋಡುತ್ತಿದ್ದರು, ಮಕ್ಕಳನ್ನು ಯಾರೂ ನೋಡುತ್ತಿರಲಿಲ್ಲ. 2014ರ ನಿಯಮಗಳಿಂದ ಬಿ.ಎಡ್. ಎರಡು ವರ್ಷದ್ದಾಯಿತು, 20 ವಾರ ಶಾಲೆಯಲ್ಲಿ ಕಳೆಯಬೇಕೆಂದಾಯಿತು. ಒಳ್ಳೆಯದೇ. ಆದರೆ ಆ 20 ವಾರದಲ್ಲಿ ಹುಡುಗಿ ಏನು ನೋಡಬೇಕು, ನೋಡಿದ್ದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಅದು ಇಲ್ಲದಿದ್ದರೆ 20 ವಾರವೂ ಹಾಜರಿ ಪುಸ್ತಕದ ಸಹಿಯಾಗಿಯೇ ಉಳಿಯುತ್ತದೆ.

ಇಲ್ಲಿಯೇ ಸಹಯೋಗದ ಮಾತು ಬರುವುದು. ನಿಮ್ಮಲ್ಲಿ ಎಷ್ಟೋ ಜನರ ಊರ ಕಡೆಯ ಮಕ್ಕಳು ಕಲಿತ 'ನಲಿ-ಕಲಿ' ಹೇಗೆ ಹುಟ್ಟಿತು ಗೊತ್ತೇ? 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ನೆರವಿನೊಂದಿಗೆ. ಅಲ್ಲಿನ ಸರಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಒಂದೇ ಕೋಣೆಯಲ್ಲಿ ಹಲವು ತರಗತಿ ನಡೆಯುವುದನ್ನು ನೋಡಿ ಬಂದರು. ಬಂದು, ಒಟ್ಟಿಗೆ ಕೂತು ತಾವೇ ಕಾರ್ಡು, ಹಾಡು, ಆಟ ಸಿದ್ಧ ಮಾಡಿದರು. ಅ ಆ ಇ ಈ ಬದಲು ರ ಗ ಸ ದ ಅ ಎಂದು ಅಲ್ಲಿ ಕಲಿಕೆ ಶುರುವಾಗುತ್ತದೆ. ಮೊದಲ ಐದು ಅಕ್ಷರಕ್ಕೇ ಮಗು ಅರಸ, ಸರ, ದರ ಎಂದು ಪದ ಓದಬಲ್ಲದು. 2009-10ರಲ್ಲಿ ಅದು ಇಡೀ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ಹೋಯಿತು. ಯಾದಗಿರಿಯ ಶಾಲೆಗಳಿಗೂ ಹೋಯಿತು. ಅಲ್ಲಿ ಏನು ಕಂಡುಬಂತೆಂದು ಈಗಷ್ಟೇ ಹೇಳಿದೆ. ನನಗೆ ಅನ್ನಿಸುವುದಿಷ್ಟು: ಕಾರ್ಡು ಊರೂರಿಗೆ ಕಳಿಸಬಹುದು. ಕಾರ್ಡು ಮಾಡಿದವರು ಒಟ್ಟಿಗೆ ಕೂತು ಆಡಿದ ಮಾತನ್ನು ಕಳಿಸಲು ಬರುವುದಿಲ್ಲ. ಅದನ್ನು ಪ್ರತಿ ಊರಿನಲ್ಲಿ ಹೊಸದಾಗಿ ಶುರು ಮಾಡಬೇಕು.

ಈಗ ಸಾವಿತ್ರಿಬಾಯಿ. ಅವರ ಮೇಲೆ ಸಗಣಿ ಎಸೆದ ಕಥೆ ಎಲ್ಲರೂ ಹೇಳುತ್ತೇವೆ. ಅವರು ಕಲಿತ ಕಥೆ ಕಡಿಮೆ ಹೇಳುತ್ತೇವೆ. 1840ರಲ್ಲಿ ಮದುವೆಯಾದಾಗ ಅವರಿಗೆ ಓದು ಬರುತ್ತಿರಲಿಲ್ಲ. ಮನೆಯಲ್ಲಿ ಜೋತಿರಾವ್ ಕಲಿಸಿದರು. ಅಹಮದ್‌ನಗರದಲ್ಲಿ ಅಮೆರಿಕನ್ ಮಿಷನರಿ ಸಿಂಥಿಯಾ ಫರಾರ್ ಅವರ ಬಳಿ ಶಿಕ್ಷಕಿಯ ತರಬೇತಿ ಪಡೆದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ದೌಂಡ್ ಕಡೆ ಹೋಗುವ ರೈಲು ಹತ್ತಿದರೆ ನಮ್ಮ ದಾರಿಯಲ್ಲೇ ಸಿಗುವ, ಈಗ ಅಹಿಲ್ಯಾನಗರವಾಗಿರುವ ಊರು ಅದು. 1848ರಲ್ಲಿ ಪುಣೆಯಲ್ಲಿ ಶಾಲೆ ತೆರೆದದ್ದೂ ಒಬ್ಬರೇ ಅಲ್ಲ. 1856ರಲ್ಲಿ ಕಾಯಿಲೆಯಾಗಿ ತವರಿನಲ್ಲಿದ್ದಾಗ ಗಂಡನಿಗೆ ಬರೆದ ಪತ್ರದಲ್ಲಿ, ತಾನಿಲ್ಲದೆ ಫಾತಿಮಾಗೆ ಎಷ್ಟು ಕಷ್ಟವಾಗುತ್ತಿದೆಯೋ ಎಂದು ಚಿಂತಿಸುತ್ತಾರೆ. ಜೊತೆ ಕೆಲಸ ಮಾಡುವವಳ ಹೊರೆ ನೆನೆದ ಶಿಕ್ಷಕಿ.

ಆ ಶಾಲೆಗಳು ಕೊಟ್ಟ ಫಲ ಏನು? 1855ರಲ್ಲಿ ಮುಕ್ತಾ ಸಾಳವೆ ಎಂಬ ಮಾಂಗ್ ಸಮುದಾಯದ ಹುಡುಗಿ, ಹದಿನಾಲ್ಕರ ಆಸುಪಾಸಿನವಳು, ತನ್ನ ಜನರ ದುಃಖದ ಬಗ್ಗೆ ಪ್ರಬಂಧ ಬರೆದಳು. ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಅವಳು ಬೋರ್ಡು ನೋಡಿ ನಕಲು ಮಾಡಿದ್ದಲ್ಲ, ತನ್ನ ಮಾತನ್ನು ತಾನೇ ಬರೆದದ್ದು. ಸಾಕ್ಷರತೆ ಎಂದರೆ ಅದು.

ನಮ್ಮ ಹುಡುಗಿಯರು ನಾಳೆ ಜಿಲ್ಲಾ ಪರಿಷತ್ ಶಾಲೆಗಳಿಗೆ ಹೋಗುತ್ತಾರೆ. ಅಲ್ಲಿ ಅಹಿರಾಣಿ ಆಡುವ ಮಗು ಪುಸ್ತಕದ ಮರಾಠಿಯ ಮುಂದೆ ಬಾಯಿ ಮುಚ್ಚಿ ಕೂತಿರುತ್ತದೆ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗು ಅರ್ಥವಾಗಿ ಓದಬೇಕು ಎಂದು 2021ರಲ್ಲಿ ಶುರುವಾದ ನಿಪುಣ್ ಭಾರತ್ ಹೇಳುತ್ತದೆ. ಆ ಗುರಿ ಮುಟ್ಟುವುದು ಆದೇಶದಿಂದ ಅಲ್ಲ, ಆ ಮಗುವಿನ ಪಕ್ಕದಲ್ಲಿ ಕೂತು ಮೂರು ಕಾಲಂ ಬರೆಯುವವಳಿಂದ. ಆ ಅಭ್ಯಾಸ ಅವಳಿಗೆ ನಮ್ಮ ಭಾನುವಾರದ ತರಗತಿಯಲ್ಲೇ ಆಗಲಿ.

ಅದಕ್ಕೆ ನಿಮ್ಮಲ್ಲಿ ಮೂರು ಬೇಡಿಕೆ. ಒಂದು, ಡಿ.ಎಡ್., ಬಿ.ಎಡ್. ಓದುವ ಹುಡುಗಿಯರು ಇಬ್ಬಿಬ್ಬರಾಗಿ ಬನ್ನಿ. ಒಬ್ಬಳು ಕಲಿಸಲಿ, ಒಬ್ಬಳು ನೋಡಿ ಬರೆಯಲಿ, ಮುಂದಿನ ವಾರ ಅದಲು ಬದಲು. ಎರಡು, ತಿಂಗಳ ಕೊನೆಯ ಭಾನುವಾರ ಅರ್ಧ ಗಂಟೆ ಎಲ್ಲರೂ ಕೂತು ನೋಟ್‌ಬುಕ್ ಓದೋಣ. ನನ್ನ ತಪ್ಪೂ ಅದರಲ್ಲಿ ಬರಲಿ. ಮೂರು, ತಾಯಂದಿರು ತಿಂಗಳಿಗೊಮ್ಮೆ ಬಂದು ಕನ್ನಡದಲ್ಲಿ ಒಂದು ಕಥೆ ಹೇಳಿ. ಪುಸ್ತಕದ ಕನ್ನಡ ಬೇಡ, ನಿಮ್ಮ ಊರಿನ ಕನ್ನಡವೇ ಸಾಕು. ಪುಸ್ತಕದ ಚಿಂತೆ ಬೇಡ. ಪುಣೆಯ ಬಾಲಭಾರತಿ ಸೊಲ್ಲಾಪುರ, ಸಾಂಗ್ಲಿ ಕಡೆಯ ಕನ್ನಡ ಶಾಲೆಗಳಿಗಾಗಿ ಅಚ್ಚು ಹಾಕುವ ಕನ್ನಡ ಪಠ್ಯಪುಸ್ತಕಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ.

ಕೊನೆಯದಾಗಿ, ಬಿಟ್ಟುಹೋದ ಆ ಹುಡುಗಿಯ ಮಾತು. ನಾನೇ ಅವಳ ಮನೆಗೆ ಹೋಗಿ ಕರೆದೆ. ಈಗ ಬರುತ್ತಿದ್ದಾಳೆ, ಎಷ್ಟು ದಿನವೋ ನೋಡಬೇಕು. ಕಳೆದ ವಾರ ಊರಲ್ಲಿರುವ ಅಜ್ಜಿಗೆ ತಾಯಿಯ ಮೊಬೈಲಿನಿಂದ ಕಳಿಸಲು ಒಂದು ಚೀಟಿ ಬರೆದಳು. "ಅಜ್ಜಿ ನಾನು ಬರ್ತೆನೆ. ಬೆಳೆ ಸಾರು ಮಾಡು." ಬೇಳೆ ಮತ್ತೆ ತಪ್ಪಿತ್ತು. ನನ್ನ ಕೈ ಕೆಂಪು ಪೆನ್ನಿನ ಕಡೆ ಹೋಯಿತು. ಡಿ.ಎಡ್. ಹುಡುಗಿ ಮೆಲ್ಲಗೆ ಕೈ ಹಿಡಿದಳು. "ಇರಲಿ ಕಾಕು, ಮೊದಲು ಅಜ್ಜಿಗೆ ಮುಟ್ಟಲಿ" ಅಂದಳು. ಚೀಟಿ ಹಾಗೇ ಹೋಯಿತು. ಅಜ್ಜಿಗೆ ಅರ್ಥವಾಯಿತು. ಬೇಳೆಯನ್ನು ಮುಂದಿನ ಭಾನುವಾರ ತಿದ್ದುತ್ತೇವೆ.