ಒಟ್ಟಿಗೆ ಕೂತು ವಾದಿಸುವ ಜಾಗ



ದಕ್ಷಿಣ ಕನ್ನಡದ ಬೆಳ್ಳಾರೆ ಪೇಟೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ತುಳು, ಅರೆಭಾಷೆ, ಬ್ಯಾರಿ, ಹವ್ಯಕ, ಕೊಂಕಣಿ ಎಲ್ಲವೂ ಕಿವಿಗೆ ಬೀಳುತ್ತವೆ. ಸುಳ್ಯ ಕಡೆಯ ರಬ್ಬರ್ ತೋಟದವರು ಬಂದರೆ ತಮಿಳೂ ಸೇರುತ್ತದೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾ ಬಿಟ್ಟು ಬಂದ ಹಲವು ಕುಟುಂಬಗಳಿಗೆ ಅರಣ್ಯ ಅಭಿವೃದ್ಧಿ ನಿಗಮ ಇಲ್ಲಿ ಕೆಲಸ ಕೊಟ್ಟಿತ್ತು. ಇಷ್ಟೆಲ್ಲ ಬಗೆಯ ಜನ ಒಂದೆಡೆ ಕೂತು ಮಾತಾಡಿದ್ದು ಎಲ್ಲಿ?

ಬೆಳ್ಳಾರೆ ಎಂದೊಡನೆ 1837ರ ಬಂಡಾಯ ನೆನಪಾಗುತ್ತದೆ. ಕಂಪನಿ ಸರಕಾರ ಅದಕ್ಕೆ ಮೂರು ವರ್ಷ ಹಿಂದೆ ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯ ಸೀಮೆಯನ್ನು ಕೆನರಾಕ್ಕೆ ಸೇರಿಸಿತ್ತು. ಬೆಳೆಯಲ್ಲಿ ಸಲ್ಲುತ್ತಿದ್ದ ಕಂದಾಯ ನಗದಾಗಬೇಕಾಯಿತು. ಅದರ ವಿರುದ್ಧ ಕೆದಂಬಾಡಿ ರಾಮಯ್ಯ ಗೌಡರ ದಂಡು ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿನತ್ತ ನಡೆಯಿತು. ದೊಡ್ಡ ಸಂಗತಿಯೇ. ಆದರೆ ಎದುರಿಗೆ ಶತ್ರುವಿದ್ದಾಗ ಒಂದಾಗುವುದು ಸುಲಭ. ಅಂಥ ಒಗ್ಗಟ್ಟು ಶತ್ರು ಸರಿದ ಮರುದಿನಕ್ಕೆ ಉಳಿಯಬೇಕೆಂದೇನಿಲ್ಲ.

ಆ ಮರುದಿನದ ಕೆಲಸಕ್ಕೆ ಕೈಹಾಕಿದವರು ಪುತ್ತೂರಿನ ಮೊಳಹಳ್ಳಿ ಶಿವರಾಯರು. 1909ರಲ್ಲಿ ಅವರು ಸಹಕಾರ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕು ಹುಟ್ಟಿದ್ದೂ ಪುತ್ತೂರಿನಲ್ಲೇ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಬಂತು. ಸಹಕಾರಿ ಸಂಘದ ಮಹಾಸಭೆಗೆ ಯಾರೂ ಸೌಹಾರ್ದಕ್ಕೆಂದು ಹೋಗುವುದಿಲ್ಲ. ಸಾಲದ ಬಡ್ಡಿ, ಅಡಿಕೆಯ ಧಾರಣೆ, ಗೊಬ್ಬರದ ಲೆಕ್ಕ ಕೇಳಲು ಹೋಗುತ್ತಾರೆ. ಅಲ್ಲಿ ಬ್ಯಾರಿ ಎದ್ದು ಗೌಡರ ಲೆಕ್ಕ ಕೇಳಬಹುದು, ಭಟ್ಟರು ಶೆಟ್ಟರನ್ನು ತರಾಟೆಗೆ ತೆಗೆದುಕೊಳ್ಳಬಹುದು. ಮಾತು ಬಿಸಿಯಾದರೂ ಮರುವರ್ಷ ಅದೇ ಕುರ್ಚಿಯಲ್ಲಿ ಕೂರಲೇಬೇಕು. ಆದರೆ ಭೂಮಿಯಿದ್ದವನ ಮಾತಿಗೇ ಅಲ್ಲಿ ಹೆಚ್ಚು ತೂಕ. ರಬ್ಬರ್ ಟ್ಯಾಪಿಂಗ್ ಮಾಡುವ ತಮಿಳು ಹೆಂಗಸಿಗೆ ಆ ಸಭೆಯಲ್ಲಿ ಜಾಗವೆಲ್ಲಿ?

ಇನ್ನೊಂದು ಜಾಗ ತಾಳಮದ್ದಲೆ. ತಿರುಗಾಟದ ಕೊನೆಯ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ಮನೆಯ ಚಾವಡಿಯಲ್ಲೋ ಸಂಘದ ಕೋಣೆಯಲ್ಲೋ ಕೂತು ಅರ್ಥ ಹೇಳುವ ಕಲೆ ಇದು. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ವಾಲಿವಧೆ ಪ್ರಸಂಗವನ್ನೇ ನೋಡಿ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಧರ್ಮವೇ ಎಂದು ವಾಲಿ ರಾಮನನ್ನೇ ಕೇಳುತ್ತಾನೆ, ಅದೂ ಸುದೀರ್ಘವಾಗಿ. ಕೇಳುವವರೆಲ್ಲ ರಾಮಭಕ್ತರು, ಆದರೂ ವಾಲಿಯ ಮಾತು ಮುಗಿಯುವವರೆಗೆ ಯಾರೂ ಎದ್ದುಹೋಗುವುದಿಲ್ಲ. ಎದುರು ಪಕ್ಷದ ಮಾತಿಗೆ ತಲೆದೂಗುವ ಅಭ್ಯಾಸ ಈ ಜಿಲ್ಲೆಗಿರುವುದು ಹೀಗೆ. ಶೇಣಿ ಗೋಪಾಲಕೃಷ್ಣ ಭಟ್ಟರು ಯಕ್ಷಗಾನದಲ್ಲಿ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯ ಪಾತ್ರಕ್ಕೆ ಹೆಸರಾದರು. ಇತ್ತ ಸಂಪಾಜೆಯ ಜಬ್ಬಾರ್ ಸಮೋ ಪುರಾಣ ಪುರುಷರ ಅರ್ಥ ಹೇಳಿ ಮನ್ನಣೆ ಪಡೆದಿದ್ದಾರೆ.

ಆಮೇಲೆ ಇಲ್ಲಿನ ಕೆಲವು ಭಾಷೆಗಳಿಗೆ ಬೇರೆಬೇರೆ ಮನೆಗಳಾದವು. ತುಳುವಿಗೆ 1994ರಲ್ಲಿ, ಬ್ಯಾರಿಗೆ 2007ರಲ್ಲಿ, ಅರೆಭಾಷೆಗೆ 2011ರಲ್ಲಿ ಅಕಾಡೆಮಿ ಬಂತು. ಬರಬೇಕಾದದ್ದೇ. ಆದರೆ ಮೂರೂ ಮನೆಗಳ ನಡುವೆ ಒಂದು ಅಂಗಳ ಬೇಕೆಂದು ಯಾರಿಗೂ ತೋಚಿದಂತಿಲ್ಲ.

2022ರ ಜುಲೈ ನಿಮಗೆಲ್ಲ ಗೊತ್ತು. ಬೆಳ್ಳಾರೆ ಆಸುಪಾಸಿನಲ್ಲಿ ಇಬ್ಬರು, ಸುರತ್ಕಲ್‌ನಲ್ಲಿ ಮತ್ತೊಬ್ಬರು, ಒಂದೇ ತಿಂಗಳಲ್ಲಿ ಮೂವರು ಯುವಕರು ಕೊಲೆಯಾದರು. ಸಂಜೆಯಾಗುತ್ತಲೇ ಅಂಗಡಿಗಳು ಬಾಗಿಲು ಹಾಕಿದವು. ಇಂಥ ಹೊತ್ತಿನಲ್ಲಿ ಅಧಿಕಾರಿಗಳು ಶಾಂತಿಸಭೆ ಕರೆಯುತ್ತಾರೆ. ಮುಖಂಡರು ಬರುತ್ತಾರೆ, ಫೋಟೋ ತೆಗೆಯುತ್ತಾರೆ. ನನಗೆ ಅದರಲ್ಲಿ ಹೆಚ್ಚಿನ ನಂಬಿಕೆಯಿಲ್ಲ. ಅಲ್ಲಿ ಯಾರೂ ನಿಜವಾದ ಸಿಟ್ಟನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕಟ್ಟಡ ಕಟ್ಟಿದ ಮಾತ್ರಕ್ಕೂ ಜನ ಕೂಡುವುದಿಲ್ಲ. ಯುರೋಪಿನ ಬೋಸ್ನಿಯಾದಲ್ಲಿ ಮೋಸ್ಟಾರ್ ಎಂಬ ಊರಿದೆ. ಅಲ್ಲಿನ ಹಳೆಯ ಸೇತುವೆ 1993ರ ಯುದ್ಧದಲ್ಲಿ ಉರುಳಿತು. ಲೋಕವೆಲ್ಲ ಕೈಜೋಡಿಸಿ 2004ರಲ್ಲಿ ಮತ್ತೆ ಕಟ್ಟಿತು. ಅದೇ ದೇಶದಲ್ಲಿ ಸೇತುವೆ ಎದ್ದ ಮೇಲೂ ಒಂದೇ ಶಾಲೆಯ ಕಟ್ಟಡದಲ್ಲಿ ಎರಡು ಜನಾಂಗದ ಮಕ್ಕಳು ಬೇರೆಬೇರೆ ಪಾಠ ಕಲಿತರು.

ಅದಕ್ಕೇ ನಮಗೆ ಹೊಸ ಭವನ ಬೇಕಿಲ್ಲ. ಮುಂದಿನ ಮಳೆಗಾಲ ಸಹಕಾರಿ ಸಂಘದ ಸಭಾಂಗಣದಲ್ಲಿ ಬೆಳಿಗ್ಗೆ ಅಡಿಕೆಯ ಹಳದಿ ಎಲೆ ರೋಗದ ಚರ್ಚೆಯಾಗಲಿ, ತೋಟದ ಕೂಲಿಯವರೂ ಅದರಲ್ಲಿ ಮಾತಾಡಲಿ. ಮಧ್ಯಾಹ್ನ ಊಟವಾದ ಮೇಲೆ ತಾಳಮದ್ದಲೆ. ಪ್ರಸಂಗ ವಾಲಿವಧೆಯೇ ಇರಲಿ. ರಾಮ ಯಾರು, ವಾಲಿ ಯಾರು ಎಂಬುದನ್ನು ಅಲ್ಲೇ ಚೀಟಿ ಎತ್ತಿ ತೀರ್ಮಾನಿಸಬಹುದು.