ಕೃಷಿ ವಿಸ್ತರಣಾ ಅಧಿಕಾರಿ ಮತ್ತು ಗ್ರಾಮ ಪಂಚಾಯಿತಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಎಂಜಿನಿಯರಿಂಗ್. ಮಣ್ಣು ಎಷ್ಟು ಭಾರ ತಡೆಯಬಲ್ಲದು ಎಂಬುದಷ್ಟೇ ನನಗೆ ತಿಳಿದಿತ್ತು. ಅದು ಏನನ್ನು ಬೆಳೆಯಬಲ್ಲದು ಎಂಬುದನ್ನು ಕಲಿಸಿದವರು ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದ ಸಹಾಯಕ ಕೃಷಿ ಅಧಿಕಾರಿ.

ಒಂದು ಬೇಸಿಗೆಯಲ್ಲಿ ಮಣ್ಣಿನ ಮಾದರಿ ಸಂಗ್ರಹಕ್ಕೆಂದು ಅವರೊಡನೆ ಹೋಗಿದ್ದೆ. ಹಿರಿಯ ರೈತರೊಬ್ಬರು ಬದುವಿನ ಬಳಿಯಿಂದ ಒಂದು ಬೊಗಸೆ ಮಣ್ಣು ತಂದು, "ತಗೊಳ್ಳಿ ಸಾಹೇಬ್ರೇ, ಎಲ್ಲಾ ಒಂದೇ ಮಣ್ಣು" ಎಂದರು. ಅದನ್ನೇ ಚೀಲಕ್ಕೆ ತುಂಬಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅಧಿಕಾರಿಗಳು ಒಪ್ಪಲಿಲ್ಲ. ಬದು, ತಿಪ್ಪೆ, ಮರದ ನೆರಳನ್ನು ಬಿಟ್ಟು, ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಎಂಟು ಹತ್ತು ಕಡೆ 15 ಸೆಂ.ಮೀ. ಆಳದ 'ವಿ' ಆಕಾರದ ಗುಂಡಿ ತೆಗೆದರು. ಗುಂಡಿಯ ಬದಿಯ ಮಣ್ಣನ್ನು ಮೇಲಿಂದ ಕೆಳಗಿನವರೆಗೆ ಕೆರೆದು, ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಉಳಿಸುತ್ತಾ ಅರ್ಧ ಕಿಲೋಗೆ ಇಳಿಸಿದರು. "ಮಣ್ಣು ತಪ್ಪಾದರೆ ವರದಿಯೂ ತಪ್ಪು ಯಜಮಾನ್ರೇ. ಅದನ್ನು ನಂಬಿ ಗೊಬ್ಬರಕ್ಕೆ ಸುರಿಯುವ ದುಡ್ಡು ನಿಮ್ಮದು" ಎಂದರು. ಮೂರನೆಯ ಗುಂಡಿಯ ಹೊತ್ತಿಗೆ ಗುದ್ದಲಿ ಆ ರೈತರ ಕೈಯಲ್ಲೇ ಇತ್ತು.

1952ರ ಅಕ್ಟೋಬರ್ 2ರಂದು ಆರಂಭವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಗ್ರಾಮಸೇವಕರು ಮಾಡುತ್ತಿದ್ದುದೂ ಇದೇ ಕೆಲಸ. ಇಂದು ಬೀಜ ವಿತರಣೆ, ಸಹಾಯಧನದ ಅರ್ಜಿ, ಆನ್‌ಲೈನ್ ದಾಖಲೆಗಳ ನಡುವೆ ಹೊಲಕ್ಕೆ ಹೋಗುವ ಸಮಯವೇ ಕುಗ್ಗಿದೆ.

ನನ್ನದೊಂದು ತಪ್ಪನ್ನೂ ಹೇಳಬೇಕು. ಆ ವರ್ಷದ ಗ್ರಾಮಸಭೆಯಲ್ಲಿ ಮನೆ, ರಸ್ತೆ, ಬೀದಿದೀಪಗಳ ಚರ್ಚೆ ಮುಗಿದು ಜನ ಚದುರಿದ ಮೇಲೆ ಅವರಿಗೆ ಮಾತನಾಡುವ ಸರದಿ ಬಂತು. ಕೇಳಲು ಉಳಿದಿದ್ದವರು ಹನ್ನೊಂದು ಮಂದಿ. ಕಾರ್ಯಸೂಚಿ ಸಿದ್ಧಪಡಿಸಿದವನು ನಾನೇ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಪಟ್ಟಿ ಮಾಡಿದ 29 ವಿಷಯಗಳಲ್ಲಿ ಮೊದಲನೆಯದು ಕೃಷಿ ಮತ್ತು ಕೃಷಿ ವಿಸ್ತರಣೆ. ಸಂವಿಧಾನ ಮೊದಲಿಗಿಟ್ಟುದನ್ನು ನಾನು ಕೊನೆಗಿಟ್ಟಿದ್ದೆ.

ಆದ್ದರಿಂದ ತಮ್ಮಲ್ಲಿ ಮೂರು ವಿನಂತಿ. ಮುಂಗಾರಿಗೆ ಮುನ್ನ ನಡೆಯುವ ಗ್ರಾಮಸಭೆಯಲ್ಲಿ ಕೃಷಿ ಅಧಿಕಾರಿಗಳ ಮಾತು ಮೊದಲಿಗಿರಲಿ. ಅವರು ಊರಿಗೆ ಬರುವ ದಿನವನ್ನು ಮುಂಚಿತವಾಗಿ ಡಂಗುರ ಸಾರಿಸಿ. ಮಣ್ಣು ಆರೋಗ್ಯ ಚೀಟಿ ಪಡೆದೂ ಓದಲಾರದ ರೈತರನ್ನು ಆ ದಿನ ಅವರ ಬಳಿಗೆ ತಾವೇ ಕರೆತನ್ನಿ.

ಇದಕ್ಕೆ ಅನುದಾನ ಬೇಕಿಲ್ಲ, ತಮ್ಮ ಮನಸ್ಸು ಬೇಕು.