ನಮ್ಮ ಸೀಮೆಯ ಇತಿಹಾಸದಲ್ಲಿ ಹೆಣ್ಣುಮಕ್ಕಳ ನಿತ್ಯಜೀವನ

(ಸಂಘದ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇತಿಹಾಸವೆಂದೊಡನೆ ಅರಸರ ವಂಶಾವಳಿಯೂ ಯುದ್ಧಗಳ ತೇದಿಗಳೂ ನಮ್ಮ ನೆನಪಿಗೆ ಬರುತ್ತವೆ. ತಾಳಮಲೆಯ ಈ ಸೀಮೆಗೂ ಅಂತಹ ತೇದಿಗಳುಂಟು. 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೊಯಮತ್ತೂರು ಪ್ರಾಂತವು ಕಂಪನಿ ಸರ್ಕಾರದ ವಶವಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನೆರೆಯ ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿತು. ತಾಳವಾಡಿ ಸೀಮೆಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಇವೆಲ್ಲವೂ ಕಾಗದದಲ್ಲಿವೆ. ಆದರೆ ಈ ಬದಲಾವಣೆಗಳ ನಡುವೆ ದಿನದಿನವೂ ಒಲೆ ಹೊತ್ತಿಸಿ ಸಂಸಾರಗಳನ್ನು ಉಳಿಸಿದ ಹೆಣ್ಣುಮಕ್ಕಳ ಬಾಳು ಯಾವ ಕಾಗದದಲ್ಲಿದೆ?

ಹಿಟ್ಟಿನ ಗಿರಣಿ ಬರುವ ಮುನ್ನ ಈ ಸೀಮೆಯ ಹೆಣ್ಣಿನ ದಿನವು ಬೀಸುಕಲ್ಲಿನಿಂದ ಆರಂಭವಾಗುತ್ತಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು ಅಂದಿನ ಮುದ್ದೆಗೆ ಬೇಕಾದ ರಾಗಿಯನ್ನು ಬೀಸಬೇಕು, ನೀರು ಹೊರಬೇಕು, ಕೊಟ್ಟಿಗೆ ಬಳಿಯಬೇಕು, ಬಳಿಕ ಹೊಲದಲ್ಲಿ ಕಳೆ ಕೀಳಬೇಕು, ಸಂಜೆ ಆನೆಗಳ ಭಯದ ನಡುವೆ ಸೌದೆಯ ಹೊರೆಯೊಡನೆ ಮರಳಬೇಕು. ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುವಾಗ ಯಾವ ಬೀಜ ಗಟ್ಟಿ, ಯಾವುದು ಜೊಳ್ಳು ಎಂಬುದನ್ನು ಬಲ್ಲವಳು ಆಕೆಯೇ. ಬೀಜಕ್ಕೆ ಬೂದಿ ಬೆರೆಸಿ ಮುಂದಿನ ಮಳೆಗಾಲದವರೆಗೆ ಕಾಪಾಡಿದವಳೂ ಆಕೆಯೇ. ಸೋಲಿಗರ ಹೆಣ್ಣುಮಕ್ಕಳಿಗೆ ಕಾಡಿನ ಗೆಣಸು, ಸೊಪ್ಪು, ನಾರುಬೇರುಗಳ ಜ್ಞಾನವು ತಾಯಿಯಿಂದ ಬಂದ ಆಸ್ತಿಯಾಗಿತ್ತು.

ಭಾಷೆಯ ಮಾತೂ ಹೀಗೆಯೇ. ಗಡಿಯ ಗೆರೆಯು ಎಲ್ಲಿ ಬಿದ್ದರೂ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯಿಂದ ಸೊಸೆಯರು ಇಲ್ಲಿಗೆ ಬಂದರು. ಇಲ್ಲಿಯ ಮಕ್ಕಳು ಅತ್ತ ಹೋದರು. ಜೋಗುಳ, ಸೋಬಾನೆ, ಬೀಸುವ ಪದಗಳು ಅವರೊಡನೆ ಸಂಚರಿಸಿದವು. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಯರು ಕನ್ನಡವನ್ನು ಮಕ್ಕಳ ನಾಲಗೆಗೆ ಕೊಟ್ಟುದರಿಂದಲೇ ನಮ್ಮ ಈ ಶಾಲೆಗೆ ವಿದ್ಯಾರ್ಥಿಗಳಿದ್ದಾರೆ.

ದೂರದ ಆಸ್ಟ್ರೇಲಿಯದಲ್ಲಿ ಒಳನಾಡಿಗೆ ಹೋಗಿ ನೆಲೆಸಿದ ಸ್ತ್ರೀಯರು ಬರೆದ ಪತ್ರಗಳೂ ದಿನಚರಿಗಳೂ ಇಂದು ಅಲ್ಲಿಯ ಇತಿಹಾಸಕ್ಕೆ ಆಧಾರಗಳಾಗಿವೆ. ಅಲ್ಲಿಯೂ ಮೂಲನಿವಾಸಿ ಸ್ತ್ರೀಯರ ಬಾಳು ಅಂತಹ ಬರಹಗಳ ಹೊರಗೇ ಬಹುಮಟ್ಟಿಗೆ ಉಳಿಯಿತು. ನಮ್ಮಲ್ಲಿ 1951ರ ಜನಗಣತಿಯಲ್ಲಿ ಇಡೀ ಭಾರತದ ಸ್ತ್ರೀಸಾಕ್ಷರತೆಯೇ ನೂರಕ್ಕೆ 9ನ್ನು ಮುಟ್ಟಿರಲಿಲ್ಲ. ಬರೆಯಲಾರದವರು ಹಾಡಿನಲ್ಲಿ ಇಟ್ಟರು. ಮಲೆಯ ಮಾದೇಶ್ವರನ ಕಾವ್ಯದ ಸಂಕಮ್ಮನನ್ನು ನೆನೆಯಿರಿ. ಜೇನಿಗೆ ಹೊರಟ ಗಂಡನು ಸಂಶಯದಿಂದ ಭಾಷೆ ಕೇಳಿದಾಗ ಆಕೆ ಕೊಡಲಿಲ್ಲ. ಹಿಂಸೆಯನ್ನು ಸಹಿಸಿದಳು, ಮಾನವನ್ನು ಬಿಡಲಿಲ್ಲ. ಗುಡಿಸಲಿನ ಹೆಣ್ಣೊಬ್ಬಳ ಅಳಲನ್ನು ಜನಪದರು ದೇವರ ಕಥೆಯ ನಡುವೆಯೇ ಕಾಪಾಡಿದ್ದಾರೆ.

ಇದು ಕೇವಲ ನೆನಪಿನ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ತಮಿಳುನಾಡಿನಲ್ಲಿ 1989ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಪಾಲುಂಟಾಯಿತು. ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ದೊರೆಯಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ದಂಪತಿಗಳಿಗೆ ಕೊಡುವ ಹಕ್ಕುಪತ್ರದಲ್ಲಿ ಇಬ್ಬರ ಹೆಸರೂ ಇರಬೇಕು. ಆ ಕಾಯಿದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದನ್ನೂ ಒಂದು ಸಾಕ್ಷ್ಯವೆಂದು ಪರಿಗಣಿಸುತ್ತವೆ. ಅಜ್ಜಿಯ ಮಾತಿಗೆ ಕಾನೂನೇ ಇಷ್ಟು ಬೆಲೆ ಕೊಟ್ಟಿರುವಾಗ ನಾವು ಅದನ್ನು ಅಲಕ್ಷಿಸುವುದು ಸಲ್ಲದು. ಹೊಲದಲ್ಲಿ ದುಡಿದವಳ ದುಡಿಮೆಯನ್ನು ದುಡಿಮೆಯೆಂದೇ ಎಣಿಸದ ಮನೆಯಲ್ಲಿ ಕಾನೂನು ಕಾಗದದಲ್ಲಿಯೇ ಉಳಿಯುತ್ತದೆ.

ಆದುದರಿಂದ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಒಂದು ನೋಟುಪುಸ್ತಕವನ್ನು ತೆಗೆದುಕೊಂಡು ನಿಮ್ಮ ಅಜ್ಜಿಯ ಬಳಿ ಕುಳಿತುಕೊಳ್ಳಿರಿ. ಆಕೆ ಎಲ್ಲಿ ಹುಟ್ಟಿದಳು, ಯಾವ ಹೊಲದಲ್ಲಿ ದುಡಿದಳು, ಯಾವ ಬರದಲ್ಲಿ ಏನು ಉಂಡಳು, ಹೆರಿಗೆಗೆ ಯಾರು ಬಂದರು ಎಂದು ಕೇಳಿ, ಆಕೆಯ ಮಾತಿನಲ್ಲಿಯೇ ಬರೆಯಿರಿ, ತಿದ್ದಬೇಡಿರಿ. ಹುಡುಗರೂ ಬರೆಯಬೇಕು. ಪೋಷಕರಲ್ಲಿ ನನ್ನ ಬಿನ್ನಹವಿಷ್ಟೆ: ಬರೆಯಬಲ್ಲ ಹೆಣ್ಣುಮಗಳನ್ನು ನಡುವೆ ಶಾಲೆ ಬಿಡಿಸದಿರಿ.